ಡ್ಯೂಟಿ ಮುಗಿದ ಮೇಲೆ – 14: ಅಮ್ಮನ ಕೋಣೆಗೆ ಯಾವ ಬಣ್ಣ?

ನವೆಂಬರಿನಲ್ಲಿ ಅಮ್ಮ ಲೀಡ್ಸ್‌ಗೆ ಬರ್ತಾರೆ, ವಿಸಿಟರ್ ವೀಸಾದ 6 ತಿಂಗಳು ಪೂರ್ತಿ ನಮ್ಮ ಜೊತೆ. ಅವರ ಕೋಣೆಗೆ ಪೈಂಟ್ ಹೊಡೆಯುವ ಅಂತ ಹೊರಟಾಗ ಮನೆಯಲ್ಲಿ ಎರಡು ಪಕ್ಷ ಆಯ್ತು.

ನಮ್ಮವರದ್ದು ಟೆರಾಕೋಟಾ. "ಪುತ್ತೂರಿನ ಮನೆಯ ಚಾವಡಿಯ ಕೆಂಪು ನೆಲದ ಹಾಗೆ ಇರ್ತದೆ, ಅತ್ತೆಗೆ ಊರಿನ ನೆನಪಾಗ್ತದೆ" ಅಂತ. ನನ್ನದು ಮ್ಯಾಗ್ನೋಲಿಯಾ, ಅಂದ್ರೆ ಇಲ್ಲಿ ಬಾಡಿಗೆ ಮನೆಗಳಲ್ಲೆಲ್ಲ ಕಾಣುವ ಕೆನೆ ಬಣ್ಣ.

ಕೋಣೆಯ ಕಿಟಕಿ ಉತ್ತರಕ್ಕೆ. ಚಳಿಗಾಲದಲ್ಲಿ ಅಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ, ಬರುವ ಬೆಳಕಿಗೂ ನೀಲಿ ಛಾಯೆ. ಡಿಸೆಂಬರಿನಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗ್ತಾನೆ. ಎರಡೂ ಬಣ್ಣದ ಸಣ್ಣ ಡಬ್ಬಿ ತಂದು, ದೊಡ್ಡ ಕಾಗದಕ್ಕೆ ಎರಡೆರಡು ಕೋಟ್ ಹೊಡೆದು, ಗೋಡೆಗೆ ಅಂಟಿಸಿ ಮೂರು ದಿನ ನೋಡಿದೆವು. ರಾತ್ರಿ ಹಳದಿ ಬಲ್ಬಿನಲ್ಲಿ ಟೆರಾಕೋಟಾ ಬಹಳ ಚಂದ. ಬೆಳಿಗ್ಗೆ ನೋಡಿದರೆ ಒದ್ದೆ ಮಣ್ಣು! ಮ್ಯಾಗ್ನೋಲಿಯಾ ಹಗಲಿಗೆ ಸ್ವಲ್ಪ ಸಪ್ಪೆ, ಆದರೆ ಕೋಣೆ ಬೆಳಕಾಗಿ ಕಂಡಿತು.

ನಾನು ಗೆದ್ದೆ ಅಂದುಕೊಂಡೆ. ಆಗ ನೆನಪಾಯ್ತು: ಕಳೆದ ಸಲ ಬಂದಾಗ ಅಮ್ಮ ಸಂಜೆ ಮಬ್ಬಿನಲ್ಲಿ ಸ್ವಿಚ್ ತಡಕಾಡುತ್ತಾ ಬಾಗಿಲಿನ ದಾರಂದಕ್ಕೆ ಮೊಣಕಾಲು ಬಡಿಸಿಕೊಂಡಿದ್ದರು. ಆ ಗೋಡೆ ಮ್ಯಾಗ್ನೋಲಿಯಾ. ಸ್ವಿಚ್ ಬಿಳಿ, ದಾರಂದವೂ ಬಿಳಿ.

ವಾರ್ಡಿನಲ್ಲಿ ದಿನಾ ನೋಡುವುದನ್ನು ಮನೆಯಲ್ಲಿ ಮರೆತಿದ್ದೆ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗ್ತದೆ. 60ರ ಕಣ್ಣಿನ ಒಳಗೆ ತಲುಪುವ ಬೆಳಕು 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಮಬ್ಬಿನಲ್ಲಿ ಕೆನೆ ಬಣ್ಣ, ಬಿಳಿ ಬಣ್ಣ ಅವರಿಗೆ ಒಂದೇ. ಅವರಿಗೆ ಕೋಣೆ ಬೆಳಕಾಗಿ ಇದ್ದರೆ ಸಾಲದು, ಗೋಡೆ ಎಲ್ಲಿ ಮುಗಿದು ಬಾಗಿಲು ಎಲ್ಲಿ ಶುರು ಅಂತಲೂ ಗೊತ್ತಾಗಬೇಕು.

ಹಾಗಾಗಿ ಈಗ ಮೂರು ಗೋಡೆಗೆ ಮ್ಯಾಗ್ನೋಲಿಯಾ, ಬಾಗಿಲು ಮತ್ತು ಸ್ವಿಚ್ ಇರುವ ಗೋಡೆಗೆ ಟೆರಾಕೋಟಾ. ಕೆಂಪಿನ ಮೇಲೆ ಬಿಳಿ ಸ್ವಿಚ್ ದೂರದಿಂದಲೇ ಕಾಣ್ತದೆ. ಹೊಳಪಿನ ಪೈಂಟ್ ಕಣ್ಣಿಗೆ ಹೊಡೆಯುತ್ತದೆ ಅಂತ ಎರಡೂ ಮ್ಯಾಟ್ ತಗೊಂಡೆವು. ನಮ್ಮವರು ಮಾತ್ರ "ನಾನೇ ಗೆದ್ದದ್ದು" ಅಂತ ಹೇಳಿಕೊಂಡು ತಿರುಗ್ತಿದ್ದಾರೆ.

ಊರಲ್ಲಿ ಹೊಸ ಮನೆ ಕಟ್ಟುವವರಿಗೂ ನನ್ನದು ಇದೇ ಮಾತು. ಬಿಳಿ ಟೈಲ್ಸ್, ಬಿಳಿ ಕಮೋಡ್, ಬಿಳಿ ಬಾಗಿಲು ಫೋಟೋದಲ್ಲಿ ಚಂದ, ಅಜ್ಜಿಗೆ ಕಷ್ಟ. ಬಣ್ಣ ಆರಿಸುವ ಮೊದಲು ಮನೆಯ ಹಿರಿಯರನ್ನು ಸಂಜೆ ಹೊತ್ತಿಗೆ ಆ ಕೋಣೆಯಲ್ಲಿ ನಿಲ್ಲಿಸಿ, "ಸ್ವಿಚ್ ಎಲ್ಲಿದೆ ತೋರಿಸಿ" ಅಂತ ಕೇಳಿ. ಆಮೇಲೆ ಡಬ್ಬಿ ತನ್ನಿ.