ಲೋಕಸಭೆಯ ಲೆಕ್ಕವೂ ಕನ್ನಡಿಗರ ಪಾಲೂ

ತಿಕೋಟಾ ಎಂಬುದು ಒಂದು ಊರಿನ ಹೆಸರು. ಒಂದು ಕಾಲಕ್ಕೆ ಅದು ವಿಧಾನಸಭೆಯ ಒಂದು ಮತಕ್ಷೇತ್ರದ ಹೆಸರೂ ಆಗಿದ್ದಿತು. 2008ನೆಯ ಇಸವಿಯಲ್ಲಿ ಜಾರಿಗೆ ಬಂದ ಕ್ಷೇತ್ರವಿಂಗಡಣೆಯಲ್ಲಿ ಆ ಹೆಸರು ಅಳಿದುಹೋಗಿ ಅದರ ಸ್ಥಾನಕ್ಕೆ ಬಬಲೇಶ್ವರವು ಬಂದಿತು. ಅದೇ ಆಜ್ಞೆಯಿಂದಲೇ ಬಳ್ಳೊಳ್ಳಿ ಹೋಗಿ ನಾಗಠಾಣವಾಯಿತು, ಹೂವಿನ ಹಿಪ್ಪರಗಿ ಹೋಗಿ ದೇವರ ಹಿಪ್ಪರಗಿಯಾಯಿತು. ಜಿಲ್ಹೆಯ ಎಂಟು ಸ್ಥಾನಗಳು ಎಂಟಾಗಿಯೇ ಉಳಿದವಲ್ಲ ಎಂದು ನಮ್ಮವರು ಸಮಾಧಾನ ತಾಳಿದರು. ಆದರೆ ನಾಡಿನ 224 ಸ್ಥಾನಗಳು ಹೆಚ್ಚಾಗದೆ ಇದ್ದಾಗಲೂ ಬೆಂಗಳೂರು ನಗರ ಜಿಲ್ಹೆಯ ಪಾಲು 28ಕ್ಕೆ ಏರಿತೆಂಬುದನ್ನೂ, ಲೋಕಸಭೆಯ ಚಿಕ್ಕೋಡಿ ಕ್ಷೇತ್ರದ ಮೀಸಲು ತೆರವಾಗಿ ನಮ್ಮ ವಿಜಯಪುರವು ಪರಿಶಿಷ್ಟ ಜಾತಿಗಳಿಗೆ ಮೀಸಲಾಯಿತೆಂಬುದನ್ನೂ ಎಷ್ಟು ಜನರು ಆಗ ಗಮನಿಸಿದರು? ಇದೆಲ್ಲವೂ ಮತಗಟ್ಟೆಯಲ್ಲಿ ಒಂದು ಮತವೂ ಬೀಳುವ ಮೊದಲೇ ಆಗಿಹೋಯಿತು.

ಚುನಾವಣೆಯೆಂದರೆ ಮತ ಹಾಕುವ ದಿನ ಎಂದು ನಮ್ಮ ಜನರು ತಿಳಿದಿರುವರು. ಸಭೆ, ಮೆರವಣಿಗೆ, ಬೆರಳಿಗೆ ಹಚ್ಚುವ ಮಸಿ ಇವೆಲ್ಲವೂ ಕಣ್ಣಿಗೆ ಕಾಣುವವು. ಕಣ್ಣಿಗೆ ಕಾಣದ ಎರಡು ಸಂಗತಿಗಳು ಇದಕ್ಕೂ ಮುಂಚೆಯೇ ನಮ್ಮ ಬಲಾಬಲವನ್ನು ನಿಶ್ಚಯಿಸಿಬಿಟ್ಟಿರುತ್ತವೆ. ಒಂದು ಪ್ರಾಂತಕ್ಕೆ ಎಷ್ಟು ಸ್ಥಾನ ಎಂಬುದು ಮೊದಲನೆಯದು. ಆ ಸ್ಥಾನಗಳ ಗೆರೆಯನ್ನು ಯಾವ ಹಳ್ಳಿಯ ಎತ್ತ ಮಗ್ಗುಲಿಗೆ ಎಳೆಯುವರು ಎಂಬುದು ಎರಡನೆಯದು. ಕನ್ನಡಿಗರು ಒಂದೂವರೆ ಶತಮಾನ ಅನುಭವಿಸಿದ ಸಂಕಟದ ಮೂಲವೂ ಇಲ್ಲಿಯೇ ಇದ್ದಿತು.

ಹಿಂದಿನದನ್ನು ಸ್ವಲ್ಪ ನೆನೆಯೋಣ. 1919ರ ಕಾಯದೆಯಿಂದ ದಿಲ್ಲಿಯಲ್ಲಿ ಹುಟ್ಟಿದ ಕೇಂದ್ರ ಶಾಸನಸಭೆಗೆ ನಮ್ಮ ಭಾಗದಿಂದ ಸಭಾಸದರನ್ನು ಕಳಿಸುತ್ತಿದ್ದ ಕ್ಷೇತ್ರದ ಹೆಸರು ‘ಮುಂಬಯಿ ದಕ್ಷಿಣ ವಿಭಾಗ’. ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರಗಳೊಡನೆ ರತ್ನಾಗಿರಿ, ಕುಲಾಬಾಗಳನ್ನೂ ಕೂಡಿಸಿ ಸರಕಾರವು ಈ ದಕ್ಷಿಣ ವಿಭಾಗವನ್ನು ಕಟ್ಟಿದ್ದಿತು. ಬಿಜಾಪುರದ ಒಣಬೇಸಾಯದ ರೈತನಿಗೂ ಕೊಂಕಣದ ಕಡಲಂಚಿನ ಮೀನುಗಾರನಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಕೇಳುವ ಅಧಿಕಾರವಾದರೂ ಯಾರಿಗಿದ್ದಿತು? ಮತದ ಹಕ್ಕು ಆಸ್ತಿಯುಳ್ಳವರಿಗೆ, ಕಂದಾಯ ಕೊಡುವವರಿಗೆ. ಅದರೊಳಗೂ ಮತಧರ್ಮದ ಮೇಲೆ ಬೇರೆ ಬೇರೆ ಮತದಾರಪಟ್ಟಿಗಳು. 1935ರ ಕಾಯದೆಯು ಪ್ರಾಂತಗಳ ಮತದಾರರ ಸಂಖ್ಯೆಯನ್ನು ಹೆಚ್ಚಿಸಿತಾದರೂ ಜನಸಂಖ್ಯೆಯ ಬಹುದೊಡ್ಡ ಪಾಲು ಹೊರಗೇ ಉಳಿಯಿತು. ಆ ದಿನಗಳಲ್ಲಿಯೇ ನಮ್ಮ ಈ ಊರಿನ ವಕೀಲರಾದ ಫ. ಗು. ಹಳಕಟ್ಟಿಯವರು ವಚನಗಳ ಓಲೆಗರಿಗಳನ್ನು ಹುಡುಕುತ್ತ, 1927ರಲ್ಲಿ ‘ನವಕರ್ನಾಟಕ’ವೆಂಬ ವಾರಪತ್ರವನ್ನೂ ತೆಗೆದು ಏಕೀಕರಣದ ಪಕ್ಷವನ್ನು ಹಿಡಿದರು. ಮುಂಬಯಿ, ಮದ್ರಾಸು, ನಿಜಾಮರ ಸೀಮೆ, ಮೈಸೂರು, ಕೊಡಗು ಎಂದು ಹರಿದು ಹಂಚಿಹೋದ ಜನಾಂಗವು ಮೈಸೂರಿನ ಹೊರಗೆ ಮುಂಬಯಿ, ಮದ್ರಾಸುಗಳಂಥ ಶಾಸನಸಭೆಗಳಲ್ಲಿ ಅಲ್ಪಸಂಖ್ಯಾತವಾಗಿಯೇ ಇರತಕ್ಕದ್ದೆಂಬುದು ಅಂದಿನ ಏಕೀಕರಣವಾದಿಗಳಿಗೆ ಸ್ಪಷ್ಟವಾಗಿ ಕಂಡಿದ್ದಿತು. ನಮ್ಮ ಏಕೀಕರಣದ ಬೇಡಿಕೆಯು ಕೇವಲ ಭಾಷಾಭಿಮಾನದಿಂದ ಹುಟ್ಟಿದುದಲ್ಲ, ಲೆಕ್ಕದಿಂದಲೂ ಹುಟ್ಟಿದುದು.

ಲೆಕ್ಕವು ಸುಳ್ಳಾಗಲಿಲ್ಲ. 1951-52ರ ಪ್ರಥಮ ಮಹಾಚುನಾವಣೆಯಲ್ಲಿ ಲೋಕಸಭೆಯ 489 ಸ್ಥಾನಗಳಿಗೆ ಮತ ಕೊಡುವ ಹಕ್ಕು ವಯಸ್ಕರೆಲ್ಲರಿಗೂ ಇದ್ದಿತು. ಆಗ ಮೈಸೂರು ಸಂಸ್ಥಾನಕ್ಕೆ ಇದ್ದುದು 11 ಸ್ಥಾನಗಳು. ಬಿಜಾಪುರ ಉತ್ತರ, ಬಿಜಾಪುರ ದಕ್ಷಿಣ ಎಂಬ ನಮ್ಮ ಕ್ಷೇತ್ರಗಳು ಮುಂಬಯಿಯ ಲೆಕ್ಕದಲ್ಲಿದ್ದವು. 1956ನೆಯ ನವೆಂಬರ 1ರಂದು ನಾಡು ಒಂದಾಗಿ, 1957ರ ಚುನಾವಣೆ ಬರುವಾಗ ವಿಶಾಲ ಮೈಸೂರಿನ ಪಾಲು 26 ಆಯಿತು. 1967ರಲ್ಲಿ 27, 1977ರಲ್ಲಿ 28. ಅಲ್ಲಿಗೆ ನಿಂತಿತು.

ಈಗಿನ ರಚನೆಯನ್ನು ನಮ್ಮ ಜಿಲ್ಹೆಯನ್ನೇ ಮುಂದಿಟ್ಟುಕೊಂಡು ನೋಡಬಹುದು. 2024ರ ಚುನಾವಣೆಯಲ್ಲಿ ಲೋಕಸಭೆಗೆ 543 ಸಭಾಸದರು ಆರಿಸಿಬಂದರು, ಅವರೊಳಗೆ ಕರ್ನಾಟಕದವರು 28. ಮುದ್ದೇಬಿಹಾಳ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಬಬಲೇಶ್ವರ, ವಿಜಯಪುರ ನಗರ, ನಾಗಠಾಣ, ಇಂಡಿ, ಸಿಂದಗಿ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳು ಕೂಡಿ ಒಂದು ಲೋಕಸಭಾ ಕ್ಷೇತ್ರ. ಇಡಿಯ ಜಿಲ್ಹೆಗೆ ಒಬ್ಬನೇ ಪ್ರತಿನಿಧಿ. 2011ರ ಜನಗಣತಿಯಂತೆ ಜಿಲ್ಹೆಯ ಜನಸಂಖ್ಯೆ 21,77,331. ಕರ್ನಾಟಕದ ಜನಸಂಖ್ಯೆಯನ್ನು 28ರಿಂದ ಭಾಗಿಸಿದರೆ ಬರುವದೂ ಹೆಚ್ಚುಕಡಿಮೆ ಅಷ್ಟೇ. (ಊರಿನ ಹೆಸರು 2014ರ ನವೆಂಬರ 1ರಿಂದ ವಿಜಯಪುರವಾದರೂ 2024ರ ಚುನಾವಣಾ ದಾಖಲೆಗಳಲ್ಲಿ ಲೋಕಸಭಾ ಕ್ಷೇತ್ರದ ಹೆಸರು ಬಿಜಾಪುರವೆಂದೇ ಇದ್ದಿತು. ದಿಲ್ಲಿಯ ಲೇಖಣಿಯು ನಿಧಾನವಾಗಿ ಚಲಿಸುವದು.) ಉಮೇದುವಾರರಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನು ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಮತ ಬೀಳಬೇಕೆಂಬ ಕಟ್ಟಳೆ ಇಲ್ಲ. ಆದುದರಿಂದ ಗೆರೆಯನ್ನು ನಾಲ್ಕು ಹಳ್ಳಿಗಳಷ್ಟು ಸರಿಸಿದರೂ ಫಲವು ತಿರುಗುಮುರುಗಾಗಬಹುದು.

ಮೀಸಲು ಕ್ಷೇತ್ರದ ವಿಷಯದಲ್ಲಿ ಇನ್ನೂ ಕೆಲವರಲ್ಲಿ ತಪ್ಪು ತಿಳುವಳಿಕೆ ಇರುವದನ್ನು ನಾವು ಬಲ್ಲೆವು. ವಿಜಯಪುರದಲ್ಲಿ ಉಮೇದುವಾರನು ಮಾತ್ರ ಪರಿಶಿಷ್ಟ ಜಾತಿಯವನಾಗಿರತಕ್ಕದ್ದು, ಮತದಾರರು ನಾವೆಲ್ಲರೂ. 1932ರ ಪುಣೆಯ ಒಪ್ಪಂದದಲ್ಲಿ ಪ್ರತ್ಯೇಕ ಮತದಾರಪಟ್ಟಿಯನ್ನು ಬಿಟ್ಟು ಸಂಯುಕ್ತ ಪಟ್ಟಿಯನ್ನು ಒಪ್ಪಿಕೊಂಡುದರ ತಾತ್ಪರ್ಯವು ಇದೇ. ಜಿಲ್ಹೆಯ ಐದು ಜನರಲ್ಲಿ ಸುಮಾರು ಒಬ್ಬರು ಆ ಸಮಾಜದವರಾಗಿರುವಾಗ ಈ ಮೀಸಲಿನ ಬಗ್ಗೆ ಗೊಣಗುವದು ನಮ್ಮ ವಾಚಕರಿಗೆ ಶೋಭಿಸಲಾರದು.

ರಾಜ್ಯಸಭೆಯ ವಿಷಯವು ಬೇರೆ. ಅಲ್ಲಿಗೆ ಕರ್ನಾಟಕದಿಂದ ಹನ್ನೆರಡು ಜನರು ಹೋಗುವರು. ಅವರನ್ನು ನಾವು ನೇರವಾಗಿ ಆರಿಸುವದಿಲ್ಲ. ಬಬಲೇಶ್ವರದ ಶಾಸಕನೂ ಮಿಕ್ಕ 223 ಶಾಸಕರೂ ಆರಿಸುವರು. ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲಿನವರು ನಿವೃತ್ತರಾಗುವರು. ಹೆಸರಿಗೆ ಇದು ರಾಜ್ಯಗಳ ಸಭೆ. ಅಮೇರಿಕೆಯ ಸೆನೆಟಿನಲ್ಲಿ ದೊಡ್ಡ ಸಂಸ್ಥಾನಕ್ಕೂ ಸಣ್ಣ ಸಂಸ್ಥಾನಕ್ಕೂ ಇಬ್ಬಿಬ್ಬರೇ ಸದಸ್ಯರಿರುವಂತೆ ನಮ್ಮಲ್ಲಿಲ್ಲ. ಉತ್ತರ ಪ್ರದೇಶಕ್ಕೆ 31, ನಮಗೆ 12. ಆ ಹನ್ನೆರಡು ಜನರಾದರೂ ಕನ್ನಡ ನಾಡಿನವರಾಗಿರಬೇಡವೇ? ಸದಸ್ಯನು ಆಯಾ ರಾಜ್ಯದ ಮತದಾರನಾಗಿರತಕ್ಕದ್ದೆಂಬ ನಿಬಂಧನೆಯನ್ನು 2003ರಲ್ಲಿ ಸಂಸತ್ತು ತೆಗೆದುಹಾಕಿತು. 2006ರಲ್ಲಿ ಸುಪ್ರೀಮ ಕೋರ್ಟು, ಕುಲದೀಪ ನಯ್ಯರರ ಮೊಕದ್ದಮೆಯಲ್ಲಿ, ಅದನ್ನು ಎತ್ತಿಹಿಡಿಯಿತು. ತೀರ್ಪಿಗೆ ತಲೆಬಾಗುವದು ನಮ್ಮ ಧರ್ಮ. ಆದರೆ ಕನ್ನಡವನ್ನರಿಯದವರು ಪಕ್ಷದ ವರಿಷ್ಠರ ಕೃಪೆಯಿಂದ ಕರ್ನಾಟಕದ ಹೆಸರಿನಲ್ಲಿ ಕುಳಿತಿರುವದನ್ನು ನೋಡಿ ಸುಮ್ಮನಿರುವದು ಮಾತ್ರ ಧರ್ಮವೆಂದು ನಾವು ಒಪ್ಪಲಾರೆವು. ಆ ನಿಬಂಧನೆಯು ಮರಳಿ ಬರಬೇಕು.

ಸಭೆಯಲ್ಲಿ ಕುಳಿತವನ ಬಾಯಿಗೂ ಬೀಗಗಳುಂಟು. 1985ರ ಪಕ್ಷಾಂತರ ನಿಷೇಧದ ತಿದ್ದುಪಡಿಯ ಬಳಿಕ ಪಕ್ಷದ ಆಜ್ಞೆಯನ್ನು ಮೀರಿ ಮತ ಕೊಟ್ಟವನು ಸ್ಥಾನವನ್ನೇ ಕಳೆದುಕೊಳ್ಳಬೇಕಾಗಬಹುದು. ಆದರೂ ಮಾತಿಗೆ ಇನ್ನೂ ಅವಕಾಶವಿದೆ. 1967ರಲ್ಲಿ ಶಿವಮೊಗ್ಗೆಯಿಂದ ಆರಿಸಿಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದುನಿಂತು ಕನ್ನಡದಲ್ಲಿಯೇ ಮಾತಾಡಿದರು. ಅವರ ಪಕ್ಷ ಯಾವುದೆಂದು ಇಲ್ಲಿ ಎಣಿಸಬೇಕಾಗಿಲ್ಲ. ಅವರ ತರುವಾಯ ಅಲ್ಲಿಗೆ ಹೋದವರಲ್ಲಿ ಎಷ್ಟು ಜನರಿಗೆ ಆ ಧೈರ್ಯವಾಗಿದೆ?

ಇನ್ನು ಮುಖ್ಯ ಪ್ರಶ್ನೆಗೆ ಬರುವೆವು. 28ರ ಸಂಖ್ಯೆಯು ಏಕೆ ನಿಂತಿತು? 1976ರ 42ನೆಯ ತಿದ್ದುಪಡಿಯು ರಾಜ್ಯಗಳ ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿತು. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ಪ್ರಾಂತವು ಆ ಕಾರಣಕ್ಕಾಗಿಯೇ ಸ್ಥಾನ ಕಳೆದುಕೊಳ್ಳಬಾರದೆಂಬುದು ಅದರ ಉದ್ದೇಶ. 2002ರಲ್ಲಿ ಜಾರಿಗೆ ಬಂದ 84ನೆಯ ತಿದ್ದುಪಡಿಯು ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯ ವರೆಗೆ ಮುಂದುವರಿಸಿತು. 2008ರಲ್ಲಿ ಗೆರೆಗಳು ಬದಲಾದವೇ ಹೊರತು ರಾಜ್ಯಗಳ ಸಂಖ್ಯೆ ಬದಲಾಗದೆ ಇದ್ದುದು ಇದರಿಂದಲೇ. 2023ರ 106ನೆಯ ತಿದ್ದುಪಡಿಯು ಸ್ತ್ರೀಯರಿಗೆ ಮೂರರಲ್ಲೊಂದು ಪಾಲು ಸ್ಥಾನಗಳನ್ನು ಮೀಸಲಿಟ್ಟು, ಅದನ್ನೂ ಜನಗಣತಿ ಮತ್ತು ಹೊಸ ವಿಂಗಡಣೆಗಳ ಬೆನ್ನಿಗೆ ಕಟ್ಟಿತು.

ನಮ್ಮ ಶಾಲೆಯ ಮಾಸ್ತರರು ತ್ರೈರಾಶಿಕವನ್ನು ಬಲ್ಲವರು. ಅವರೇ ಲೆಕ್ಕ ಹಾಕಿ ನೋಡಲಿ. 2011ರ ಗಣತಿಯಂತೆ ದೇಶದ 121 ಕೋಟಿಯಲ್ಲಿ ಕರ್ನಾಟಕದವರು 6 ಕೋಟಿ 11 ಲಕ್ಷ. ಆ ಪ್ರಮಾಣದಲ್ಲಿ 543ನ್ನು ಹಂಚಿದರೆ ನಮಗೆ 27 ಬರುವದು. ಒಂದು ಸ್ಥಾನದ ನಷ್ಟ. ಇದಕ್ಕಾಗಿ ಎದೆ ಬಡಿದುಕೊಳ್ಳುವವರು ಅತಿಶಯೋಕ್ತಿ ಮಾಡುವರೆಂದೇ ನಮ್ಮ ಅಭಿಪ್ರಾಯ. ತಮಿಳುನಾಡು, ಕೇರಳಗಳ ನಷ್ಟವು ನಮಗಿಂತ ಬಹಳ ಹೆಚ್ಚಿನದು. ಆದರೆ 2023ರಲ್ಲಿ ತೆರೆದ ಹೊಸ ಸಂಸತ್ ಭವನದ ಲೋಕಸಭಾಗೃಹದಲ್ಲಿ 888 ಆಸನಗಳಿರುವವು. ಅಷ್ಟೂ ಆಸನಗಳನ್ನು ಅದೇ ಗಣತಿಯಂತೆ ತುಂಬಿದರೆ ನಮಗೆ ಸುಮಾರು 45, ಉತ್ತರ ಪ್ರದೇಶಕ್ಕೆ ಸುಮಾರು 146. ಹಿಂದೆ 28ಕ್ಕೂ 80ಕ್ಕೂ ಇದ್ದ ಅಂತರ 52. ಆಗ ಅದು ನೂರನ್ನು ದಾಟುವದು. ನಮ್ಮ ಸಂಖ್ಯೆ ಹೆಚ್ಚಿತೆಂದು ಹಿಗ್ಗುವವರು ಈ ಅಂತರವನ್ನೂ ನೋಡಬೇಕು.

ಒಬ್ಬನಿಗೆ ಒಂದು ಮತ, ಪ್ರತಿ ಮತಕ್ಕೂ ಒಂದೇ ಬೆಲೆ ಎಂಬ ತತ್ತ್ವವನ್ನು ನಾವು ಅಲ್ಲಗಳೆಯುವವರಲ್ಲ. ಬಿಹಾರದಲ್ಲಿ ಸುಮಾರು 26 ಲಕ್ಷ ಜನರಿಗೆ ಒಬ್ಬ ಸಭಾಸದನಿರುವಾಗ ಕೇರಳದಲ್ಲಿ 17 ಲಕ್ಷಕ್ಕೂ ಕಡಿಮೆ ಜನರಿಗೆ ಒಬ್ಬನಿರುವದು ನ್ಯಾಯವೇ ಎಂದು ಬಿಹಾರದ ರೈತನು ಕೇಳಿದರೆ ಆ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಭಾರತವು ಕೇವಲ ತಲೆಗಳ ಮೊತ್ತವಲ್ಲ. ಭಾಷೆಗಳ, ಪ್ರಾಂತಗಳ ಒಕ್ಕೂಟ. ತಲೆಯೆಣಿಕೆಯೇ ಸರ್ವಸ್ವವಾದರೆ ನಾವು ಮುಂಬಯಿ ಶಾಸನಸಭೆಯ ಮೂಲೆಯಲ್ಲಿ ಕುಳಿತ ದಿನಗಳೇ ದಿಲ್ಲಿಯಲ್ಲಿ ಮರಳುವವು. ಸದನವು ಎಷ್ಟೇ ದೊಡ್ಡದಾಗಲಿ, 543ರಲ್ಲಿ 28 ಎಂಬ ಪ್ರಮಾಣವು ಕುಗ್ಗತಕ್ಕದ್ದಲ್ಲವೆಂಬುದು ನಮ್ಮ ನಿಶ್ಚಿತ ಮತ.

ಗೆರೆಯ ಆಚೆ ಉಳಿದ ಕನ್ನಡಿಗರನ್ನು ನಾವು ಮರೆಯಲಾರೆವು. ತಿಕೋಟಾ ತಾಲೂಕಿನ ಗಡಿಯನ್ನು ದಾಟಿದರೆ ಜತ್ತ. ಅಲ್ಲಿಯ ಕನ್ನಡ ಹಳ್ಳಿಯವನು ನಮ್ಮ ಸಂತೆಗೆ ಬರುವನು, ನಮ್ಮ ಮನೆಗೆ ಹೆಣ್ಣು ಕೊಟ್ಟಿರುವನು. ಮತವನ್ನು ಮಾತ್ರ ಸಾಂಗಲಿಯ ಲೋಕಸಭಾ ಕ್ಷೇತ್ರದಲ್ಲಿ ಹಾಕುವನು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕನ್ನಡಿಗರು ಸೊಲ್ಲಾಪುರ ಕ್ಷೇತ್ರದಲ್ಲಿ ಪಂಢರಪುರ, ಮೋಹೋಳಗಳೊಡನೆ ಬೆರೆತಿರುವರು. ಕಾಸರಗೋಡು ಕ್ಷೇತ್ರದ ಏಳು ವಿಧಾನಸಭಾ ವಿಭಾಗಗಳಲ್ಲಿ ಕನ್ನಡದ ದನಿ ಬಲವಾಗಿರುವದು ಉತ್ತರದ ಮಂಜೇಶ್ವರ, ಕಾಸರಗೋಡುಗಳಲ್ಲಿ ಮಾತ್ರ. ಚಂದ್ರಗಿರಿ ಹೊಳೆಯ ಉತ್ತರಭಾಗವನ್ನೂ, ಅಕ್ಕಲಕೋಟೆಯನ್ನೂ, ದಕ್ಷಿಣ ಸೊಲ್ಲಾಪುರವನ್ನೂ, ಜತ್ತದ ಹಳ್ಳಿಗಳನ್ನೂ ನಮಗೆ ಕೊಡಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದ್ದಿತು. ನಿಪ್ಪಾಣಿ, ಖಾನಾಪುರಗಳ ಕಡೆಯ ಹಳ್ಳಿಗಳನ್ನು ನಾವು ಬಿಟ್ಟುಕೊಡಬೇಕೆಂದೂ ಅದೇ ವರದಿ ಹೇಳಿತೆಂಬುದನ್ನು ಪ್ರಾಮಾಣಿಕತೆಗಾಗಿ ಬರೆಯಬೇಕು. ವರದಿಯು ಜಾರಿಗೆ ಬರಲಿಲ್ಲ. ಅದು ಬರುವ ತನಕ, ಈ ಹಳ್ಳಿಗಳು ಒಂದೇ ವಿಧಾನಸಭಾ ಕ್ಷೇತ್ರದಲ್ಲಿ ಒಟ್ಟಿಗಿರುವಂತೆ ನೋಡಿಕೊಳ್ಳುವದಾದರೂ ಆಗಬೇಕು; ನಾಲ್ಕು ಹಳ್ಳಿ ಇತ್ತ, ನಾಲ್ಕು ಹಳ್ಳಿ ಅತ್ತ ಎಂದು ಹರಿದರೆ ಕನ್ನಡ ಶಾಲೆಗೆ ಒಬ್ಬ ಮಾಸ್ತರನನ್ನು ಕೇಳಲೂ ಅವರಿಗೆ ಶಾಸಕನಿರಲಾರನು.

ಕಾಯದೆಯ ಒಂದು ಸೂಕ್ಷ್ಮವನ್ನು ವಾಚಕರು ಚೆನ್ನಾಗಿ ನೆನಪಿಡಬೇಕು. 2002ರ ಕಾಯದೆಯಂತೆ ನಡೆದ ವಿಂಗಡಣೆಯಲ್ಲಿ ಕರ್ನಾಟಕದ ಐವರು ಲೋಕಸಭಾ ಸದಸ್ಯರೂ ಐವರು ಶಾಸಕರೂ ಆಯೋಗದೊಡನೆ ಕುಳಿತರು, ಆದರೆ ಅವರಿಗೆ ಮತಾಧಿಕಾರವಿರಲಿಲ್ಲ. ಆಯೋಗವು ಕರಡನ್ನು ಪ್ರಕಟಿಸಿ, ತಕರಾರುಗಳನ್ನು ಕರೆದು, ಬಹಿರಂಗ ಸಭೆಗಳಲ್ಲಿ ಕೇಳಿ, ಬಳಿಕ ಅಂತಿಮ ಆಜ್ಞೆಯನ್ನು ಹೊರಡಿಸುವದು. ಆ ಆಜ್ಞೆಗೆ ಕಾಯದೆಯ ಬಲವುಂಟು. ಸಂವಿಧಾನದ 329ನೆಯ ಕಲಮು ಕೋರ್ಟಿನ ಬಾಗಿಲನ್ನು ಮುಚ್ಚಿದೆ. 2024ರಲ್ಲಿ ಸುಪ್ರೀಮ ಕೋರ್ಟು ಆ ಬಾಗಿಲನ್ನು ಕೂದಲೆಳೆಯಷ್ಟು ಸರಿಸಿತಾದರೂ ಅದನ್ನು ನಂಬಿ ಕೂಡ್ರುವ ಕಕ್ಷಿದಾರನಿಗೆ ಯಾವ ವಕೀಲನೂ ಭರವಸೆ ಕೊಡಲಾರನು. ಮಾತಾಡುವ ಕಾಲವು ಕರಡು ಹೊರಬಿದ್ದಾಗಿನ ಆ ಕೆಲವೇ ದಿನಗಳು.

ಅದಕ್ಕೂ ಮೊದಲು ಜನಗಣತಿ. 2025ರ ಜೂನದಲ್ಲಿ ಹೊರಟ ಸರಕಾರಿ ಪ್ರಕಟಣೆಯು 2027ರ ಮಾರ್ಚ 1ನ್ನು ಎಣಿಕೆಯ ದಿನವೆಂದು ಗೊತ್ತುಮಾಡಿತು. ಮನೆಮನೆಗೆ ಹೋಗಿ ಎಣಿಸುವವರಲ್ಲಿ ಬಹುಪಾಲು ಶಾಲೆಯ ಮಾಸ್ತರರೇ, ಅಂದರೆ ಈ ಪತ್ರದ ವಾಚಕರೇ. ಒಂದು ತೋಟದ ಮನೆ ಬಿಟ್ಟುಹೋಗದಂತೆ, ದುಡಿಯಲು ಹೊರನಾಡಿಗೆ ಹೋದ ಕುಟುಂಬದ ವಿಚಾರ ತಪ್ಪದಂತೆ ಅವರು ನೋಡಿಕೊಳ್ಳಲಿ. ಜತ್ತ, ಅಕ್ಕಲಕೋಟೆಗಳಲ್ಲಿ ಬೀಗರಿರುವವರು ಇಂದೇ ಅವರಿಗೆ ಓಲೆ ಬರೆದು, ಮಾತೃಭಾಷೆಯ ಕಾಲಮಿನಲ್ಲಿ ಕನ್ನಡವೆಂದು ಹೇಳಿ ಬರೆಯಿಸಿರೆಂದು ತಿಳಿಸಲಿ. ವಿಂಗಡಣೆಯ ಕರಡು ಪ್ರಕಟವಾದ ವಾರವೇ ತಿಕೋಟಾ, ಬಬಲೇಶ್ವರ ತಾಲೂಕುಗಳ ಹಳ್ಳಿಗಳ ಪಟ್ಟಿಯನ್ನು ನಾವು ಈ ಪತ್ರದಲ್ಲಿ ಅಚ್ಚುಹಾಕುವೆವು. ತಮ್ಮ ಹಳ್ಳಿಯು ಎತ್ತ ಬಿದ್ದಿದೆ ಎಂಬುದನ್ನು ನೋಡಿ ತಕರಾರು ಅರ್ಜಿಯನ್ನು ಕಳಿಸಬೇಕೆನ್ನುವವರಿಗೆ ನಮ್ಮ ಕಚೇರಿಯಲ್ಲಿ ಅದನ್ನು ಬರೆದುಕೊಡುವ ವ್ಯವಸ್ಥೆ ಇರುವದು. ಅದಕ್ಕೆ ಫೀ ಇಲ್ಲ.