ಹಿಂಬೀದಿಯ ಹೆಣ್ಣಿಗೆ ಕಣ್ಣೀರು ಬೇಡ, ಲೆಕ್ಕ ಬೇಕು

ಒಂದೇ ಕಥೆಯನ್ನು ಹಾಲಿವುಡ್ ಮೂವತ್ತು ವರ್ಷಗಳಲ್ಲಿ ಮೂರು ಬಾರಿ ಸಿನಿಮಾ ಮಾಡಿತು. ಫ್ಯಾನಿ ಹರ್ಸ್ಟ್ ಎಂಬ ಅಮೆರಿಕನ್ ಲೇಖಕಿ 1931ರಲ್ಲಿ ಪ್ರಕಟಿಸಿದ ಆ ಕಾದಂಬರಿಯ ಹೆಸರು 'ಬ್ಯಾಕ್ ಸ್ಟ್ರೀಟ್', ಅಂದರೆ ಹಿಂಬೀದಿ. 1932ರಲ್ಲಿ ಐರೀನ್ ಡನ್, 1941ರಲ್ಲಿ ಮಾರ್ಗರೆಟ್ ಸಲ್ಲಾವನ್, 1961ರಲ್ಲಿ ಸೂಸನ್ ಹೇವರ್ಡ್ ನಾಯಕಿಯರಾದರು. ಮೂರು ತಲೆಮಾರಿನ ಪ್ರೇಕ್ಷಕರು ಕರವಸ್ತ್ರ ಒದ್ದೆ ಮಾಡಿಕೊಂಡು ಚಿತ್ರಮಂದಿರದಿಂದ ಹೊರಬಂದರು.

ಕಥೆ ಇಷ್ಟೇ. ಸ್ವಂತ ದುಡಿಮೆಯಲ್ಲಿ ನಗುನಗುತ್ತಾ ಬದುಕುತ್ತಿದ್ದ ಹೆಣ್ಣೊಬ್ಬಳು ತಾನು ಪ್ರೀತಿಸಿದವನನ್ನು ಮತ್ತೆ ಕಾಣುವ ಹೊತ್ತಿಗೆ ಅವನಿಗೆ ಮದುವೆಯಾಗಿದೆ. ಅವನಿಗಾಗಿ ಅವಳು ಕೆಲಸ ಬಿಡುತ್ತಾಳೆ. ಅವನು ಬಾಡಿಗೆಗೆ ಹಿಡಿದುಕೊಟ್ಟ ಮನೆಯಲ್ಲಿ ಫೋನಿಗೆ ಕಿವಿಗೊಟ್ಟು ವರ್ಷಗಟ್ಟಲೆ ಕೂರುತ್ತಾಳೆ. ತನಗೊಂದು ಮಗು ಬೇಕೆಂದರೆ ಅವನು ಒಪ್ಪುವುದಿಲ್ಲ. ಅವನಿಗೆ ಹೆಂಡತಿ, ಮಕ್ಕಳು, ಬ್ಯಾಂಕು, ಸಮಾಜದಲ್ಲಿ ಹೆಸರು ಎಲ್ಲವೂ ಇವೆ. ಅವಳಿಗೆ ಇರುವುದು ಅವನು ಬಿಡುವು ಮಾಡಿಕೊಂಡು ಬರುವ ಸಂಜೆಗಳು ಮಾತ್ರ. ಕೊನೆಗೆ ಅವನು ಸಾಯುತ್ತಾನೆ, ಅವಳೂ ಸಾಯುತ್ತಾಳೆ. ಇದನ್ನೇ ಅಮರ ಪ್ರೇಮ ಎಂದು ಕರೆದರು.

ಇದು ಅಮರ ಪ್ರೇಮವೇ? ಒಬ್ಬನ ಅನುಕೂಲಕ್ಕಾಗಿ ಇಬ್ಬರು ಹೆಂಗಸರು ತೆತ್ತ ಬೆಲೆಗೆ ಈ ಹೆಸರನ್ನು ಯಾರು ಇಟ್ಟರು ಎಂದು ನಾವು ಕೇಳಬೇಕಾಗಿದೆ. 1961ರ ಚಿತ್ರದಲ್ಲಂತೂ ಹೆಂಡತಿಯನ್ನು ಕುಡುಕಿಯನ್ನಾಗಿ, ಜಗಳಗಂಟಿಯನ್ನಾಗಿ ಮಾಡಲಾಯಿತು. ಹೆಂಡತಿ ಕೆಟ್ಟವಳಾದರೆ ಗಂಡನ ಕಳ್ಳದಾರಿ ತಾನಾಗಿಯೇ ಸರಿದಾರಿಯಾಗಿ ಕಾಣುತ್ತದೆ. ಇದು ಸಿನಿಮಾದವರು ಕಂಡುಹಿಡಿದ ತಂತ್ರವೇನಲ್ಲ. ನಮ್ಮೂರಿನ ಗಂಡಸರೂ "ಮನೇಲಿ ನೆಮ್ಮದಿ ಇಲ್ಲ" ಎಂಬ ಒಂದೇ ಮಾತಿನಿಂದ ಇದೇ ಕೆಲಸ ಮಾಡುತ್ತಾ ಬಂದಿದ್ದಾರೆ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ಇಗರ್ಜಿಯ ಪಾಳುಗೋಡೆಗಳಿವೆ. ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ಅವು ನೀರಿನಲ್ಲಿ ನಿಲ್ಲುತ್ತವೆ. ಅದನ್ನು ನೋಡಲು, ಫೋಟೋ ತೆಗೆಸಿಕೊಳ್ಳಲು ದೂರದೂರದಿಂದ ಜನ ಬರುತ್ತಾರೆ. ದೂರದಿಂದ ನೋಡುವವರಿಗೆ ಪಾಳು ಬಿದ್ದದ್ದೂ ಚೆಂದವೇ. ನೀರು ನುಗ್ಗಿದಾಗ ಮನೆ ಹೊಲ ಬಿಟ್ಟು ಎದ್ದು ಹೋದವರನ್ನು ಕೇಳಿದರೆ ಮಾತ್ರ ಬೇರೆ ಕಥೆ ಸಿಗುತ್ತದೆ. ಕಣ್ಣೀರಿನ ಸಿನಿಮಾಗಳು ಹೆಣ್ಣಿನ ಬದುಕಿಗೆ ಮಾಡುವುದೂ ಇದನ್ನೇ. ಹಾಳಾದ ಬದುಕನ್ನು ಚೆಂದದ ಚಿತ್ರವಾಗಿ ತೋರಿಸುತ್ತವೆ, ಹಾಳು ಮಾಡಿದವನ ಕಡೆಗೆ ಬೊಟ್ಟು ತೋರಿಸುವುದಿಲ್ಲ.

ಕನ್ನಡದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪ್ರಯತ್ನ ನಡೆದಿದೆ ಎಂಬುದನ್ನು ನಾವು ಮರೆಯಬಾರದು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ 1971ರ 'ಶರಪಂಜರ'ದಲ್ಲಿ ಹೆಂಡತಿ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ಗಂಡ ಇನ್ನೊಬ್ಬಳ ಸಂಗ ಮಾಡುತ್ತಾನೆ. ಮದುವೆಗೆ ಮುಂಚಿನ ಹೆಂಡತಿಯ ಬದುಕನ್ನು ಶಂಕಿಸುವವನೂ ಅವನೇ. ಅಲ್ಲಿ ಕ್ಯಾಮೆರಾ ನಿಂತದ್ದು ಕಲ್ಪನಾ ಅಭಿನಯಿಸಿದ ಕಾವೇರಿಯ ಪಕ್ಕದಲ್ಲಿ. ಆದ್ದರಿಂದಲೇ ಆ ಗಂಡನ ನಡತೆಯನ್ನು ಪ್ರೇಮವೆಂದು ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಸಿನಿಮಾ ಹಾಗಿರಲಿ, ಹಿಂಬೀದಿಯ ಕಥೆ ನಮ್ಮ ಬೆಂಗಳೂರಿನಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋದದ್ದುಂಟು. ಖಾಸಗಿ ಕಂಪೆನಿಯೊಂದರಲ್ಲಿ ಕೆಲಸಕ್ಕಿದ್ದ ಅವಿವಾಹಿತೆಯೊಬ್ಬರು ಅದೇ ಕಂಪೆನಿಯ ವಿವಾಹಿತನೊಂದಿಗೆ 1992ರಲ್ಲಿ ಸಂಬಂಧ ಬೆಳೆಸಿದರು. ಅವನಿಗೆ ಇಬ್ಬರು ಮಕ್ಕಳಿದ್ದರು. ಅವರು ಕೆಲಸ ಬಿಟ್ಟು ಅವನೊಂದಿಗೆ ಮನೆ ಮಾಡಿದರು. ಮೂರು ಬಾರಿ ಗರ್ಭ ನಿಂತರೂ ಮಗುವಾಗಲಿಲ್ಲ. ವರ್ಷಗಳು ಕಳೆದ ಮೇಲೆ ಅವನು ಬಿಟ್ಟುಹೋದ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅವರು ಮ್ಯಾಜಿಸ್ಟ್ರೇಟ್ ಮುಂದೆ ಹೋದಾಗ ತಿಂಗಳಿಗೆ 18,000 ರೂಪಾಯಿ ಜೀವನಾಂಶದ ಆದೇಶವಾಯಿತು. ಸೆಷನ್ಸ್ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, ಹೈಕೋರ್ಟ್ ರದ್ದುಪಡಿಸಿತು. 2013ರ ನವೆಂಬರ್ 26ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಮಾನವನ್ನೇ ಒಪ್ಪಿತು. ಅವನು ವಿವಾಹಿತನೆಂದು ಆಕೆಗೆ ಗೊತ್ತಿತ್ತು, ಆದ್ದರಿಂದ ಇದು 'ಮದುವೆಯ ಸ್ವರೂಪದ ಸಂಬಂಧ' ಅಲ್ಲ ಎಂಬುದು ಅದರ ತರ್ಕ. ಅದೇ ತೀರ್ಪಿನಲ್ಲಿ, ಇಂಥ ಸಂಬಂಧಗಳಲ್ಲಿ ದಿಕ್ಕಿಲ್ಲದವರಾಗುವ ಹೆಂಗಸರಿಗೆ ಮತ್ತು ಮಕ್ಕಳಿಗೆ ರಕ್ಷಣೆ ಕೊಡುವ ಕುರಿತು ಸಂಸತ್ತು ಯೋಚಿಸಬೇಕೆಂದೂ ಹೇಳಿತು.

ಈ ತರ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಅವನು ವಿವಾಹಿತನೆಂಬುದು ಆಕೆಗೆ ಗೊತ್ತಿತ್ತು, ನಿಜ. ಆದರೆ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಮಾಡಿದ ತಪ್ಪಿಗೆ ಆಕೆ ಬೀದಿಗೆ ಬಿದ್ದರೆ, ಗೊತ್ತಿದ್ದೂ ಮಾಡಿದ ಅದೇ ತಪ್ಪಿಗೆ ಅವನಿಗೆ ಜವಾಬ್ದಾರಿಯಿಂದಲೇ ಬಿಡುಗಡೆ! ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೇನಿದೆ?

ಕಾನೂನು ಮೊದಲಿನಿಂದಲೂ ಗಂಡಸಿನ ಕಡೆಗೇ ವಾಲಿದೆ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿದ ದಂಡಸಂಹಿತೆಯ 497ನೇ ಕಲಮನ್ನು ಅನೇಕರು ಮದುವೆಯ ಪಾವಿತ್ರ್ಯ ಕಾಯುವ ಕಲಮೆಂದು ಹಾಡಿಹೊಗಳಿದರು. ಅದು ಕಾದದ್ದು ಇನ್ನೊಬ್ಬ ಗಂಡನ 'ಸೊತ್ತನ್ನು' ಮಾತ್ರ. ಮದುವೆಯಾದವನು ಅವಿವಾಹಿತೆಯನ್ನೋ ವಿಧವೆಯನ್ನೋ ಇಟ್ಟುಕೊಂಡರೆ ಆ ಕಲಮಿನಲ್ಲಿ ಅಪರಾಧವೇ ಆಗುತ್ತಿರಲಿಲ್ಲ. ಅವನ ಹೆಂಡತಿಗೆ ದೂರು ಕೊಡುವ ಹಕ್ಕೂ ಇರಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು ಇಂಥ ಹೆಣ್ಣಿಗೆ 'ಕೀಪ್' ಎಂಬ ಪದವನ್ನೇ ಬಳಸಿದಾಗ ಆಗಿನ ಅಡಿಷನಲ್ ಸಾಲಿಸಿಟರ್ ಜನರಲ್ ಇಂದಿರಾ ಜೈಸಿಂಗ್ ಅದೇ ನ್ಯಾಯಾಲಯದಲ್ಲಿ ನಿಂತು ಆಕ್ಷೇಪಿಸಬೇಕಾಯಿತು.

ಕನ್ನಡವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 'ಇಟ್ಟುಕೊಂಡವಳು' ಎಂಬುದು ಬೈಗುಳ. ಇಟ್ಟುಕೊಂಡವನಿಗೆ ಬೈಗುಳವಿಲ್ಲ. ಅವನು ಊರಿನ ಯಜಮಾನನಾಗಿ ನ್ಯಾಯ ಹೇಳಬಹುದು, ಸಂಘದ ಅಧ್ಯಕ್ಷನಾಗಬಹುದು. ಇದು ಅವನ ಅಂತಸ್ತಿಗೊಂದು ಗರಿ ಎಂದು ಬೆನ್ನು ತಟ್ಟುವವರೂ ಇದ್ದಾರೆ.

ಇಲ್ಲಿ ಕೆಲವರು ತಟ್ಟನೆ ನಮ್ಮ ಕಡೆಗೆ ತಿರುಗಿ, "ನಿಮ್ಮಲ್ಲಿ ನಾಲ್ಕು ಮದುವೆಗೆ ಅವಕಾಶವಿದೆಯಲ್ಲ" ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ಬೇರೆ ಹೆಂಡತಿಯೂ ಇದ್ದಾಳೆಂದ ಮಹಿಳೆಯರು ಮುಸ್ಲಿಮರಲ್ಲಿ ಶೇ. 1.9, ಹಿಂದೂಗಳಲ್ಲಿ ಶೇ. 1.3. ಹೆಂಡತಿ ಎಂಬ ಹೆಸರೇ ಸಿಗದೆ ಹಿಂಬೀದಿಯಲ್ಲಿ ಉಳಿದವರನ್ನು ಈ ಪ್ರಶ್ನೆ ಎಣಿಸುವುದೇ ಇಲ್ಲ. ಹಾಗಿರುವಾಗ ಯಾವ ಸಮುದಾಯ ಇನ್ನೊಂದಕ್ಕೆ ಪಾಠ ಹೇಳಬೇಕು?

ಆದರೆ ಈ ಅಂಕಿಗಳ ಮರೆಯಲ್ಲಿ ನಾವು ಅಡಗಿಕೊಳ್ಳುವುದೂ ಬೇಡ. ಇಸ್ಲಾಮ್ ಎರಡನೇ ಮದುವೆಗೆ ಇಟ್ಟ ಷರತ್ತು ನ್ಯಾಯ. ನ್ಯಾಯ ಪಾಲಿಸಲಾಗದೆಂಬ ಭಯವಿದ್ದರೆ ಒಬ್ಬಳೇ ಎಂಬುದು ಕುರ್‌ಆನಿನ ಸ್ಪಷ್ಟ ನಿಲುವು. ಮೊದಲ ಹೆಂಡತಿಗೆ, ಮಹಲ್ಲಿಗೆ, ಬಂಧುಬಳಗಕ್ಕೆ ಗೊತ್ತಾಗದಂತೆ ಬೇರೆ ಊರಿನಲ್ಲಿ ಇಬ್ಬರು ಸಾಕ್ಷಿಗಳನ್ನು ಕೂರಿಸಿ ನಿಕಾಹ್ ಮಾಡಿಕೊಂಡು, ವಾರಕ್ಕೊಮ್ಮೆ ಕದ್ದು ಹೋಗಿ ಬರುವವನು ಯಾವ ನ್ಯಾಯವನ್ನು ಪಾಲಿಸಿದ? ನಿಕಾಹ್ ಎಂಬ ಹೆಸರಿಟ್ಟ ಮಾತ್ರಕ್ಕೆ ಹಿಂಬೀದಿ ಮುಂಬೀದಿಯಾಗುವುದಿಲ್ಲ. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಕಲಬುರಗಿ ಪೀಠ, ಮುಸ್ಲಿಮ್ ಪುರುಷನ ಎರಡನೇ ಮದುವೆ ಕಾನೂನುಬದ್ಧವಾಗಿದ್ದರೂ ಅದು ಮೊದಲ ಹೆಂಡತಿಗೆ ಕ್ರೌರ್ಯವಾಗಬಲ್ಲದು ಎಂದು ಹೇಳಿ ಆಕೆಯ ವಿಚ್ಛೇದನವನ್ನು ಎತ್ತಿಹಿಡಿಯಿತು. ಈ ಮಾತನ್ನು ನ್ಯಾಯಾಲಯಕ್ಕಿಂತ ಮೊದಲು ನಮ್ಮ ಜಮಾಅತ್‌ಗಳೇ ಹೇಳಬೇಕಾಗಿತ್ತು.

ಹಾಗಾದರೆ ಇಂಥ ಸಂಬಂಧಗಳಿಗೆ ನಾವು ಮಾನ್ಯತೆ ಕೇಳುತ್ತಿದ್ದೇವೆಯೇ? ಖಂಡಿತ ಇಲ್ಲ. ಮದುವೆಯ ಹೊರಗಿನ ಸಂಬಂಧವನ್ನು ನಾವು ತಪ್ಪೆಂದೇ ಭಾವಿಸುತ್ತೇವೆ, ಹೆಣ್ಣು ಮಾಡಿದರೂ ತಪ್ಪು, ಗಂಡು ಮಾಡಿದರೂ ತಪ್ಪು. ಇಬ್ಬರೂ ಸೇರಿ ಮಾಡಿದ ತಪ್ಪಿನ ಬಿಲ್ಲನ್ನು ಒಬ್ಬಳ ಕೈಗೆ ಕೊಡಬೇಡಿ ಎಂಬುದಷ್ಟೇ ನಮ್ಮ ವಾದ. ಇದರಿಂದ ಹೆಂಡತಿಗೆ ಅನ್ಯಾಯವಾಗುತ್ತದೆ ಎನ್ನುವವರಿದ್ದಾರೆ. ಹೆಂಡತಿ ಮಕ್ಕಳ ಪಾಲಿಗೆ ಕೈ ಹಾಕಬಾರದು, ಅದು ಮೊದಲ ಹಕ್ಕು. ಅವನು ಕೊಡಬೇಕಾದದ್ದು ತನ್ನ ಸುಖದ ಪಾಲಿನಿಂದ. ಕೊಡಬೇಕಾಗುತ್ತದೆಂದು ಗೊತ್ತಾದರೆ ಹಿಂಬೀದಿಗೆ ಕಾಲಿಡುವ ಮುಂಚೆ ಎಷ್ಟೋ ಜನ ಎರಡು ಬಾರಿ ಯೋಚಿಸುತ್ತಾರೆ. ಜವಾಬ್ದಾರಿ ಇಲ್ಲದ್ದರಿಂದಲೇ ಅಲ್ಲವೇ ಈ ವ್ಯವಹಾರ ಇಷ್ಟು ಅಗ್ಗವಾಗಿರುವುದು?

ಮಕ್ಕಳ ವಿಷಯದಲ್ಲಿ ಕಾನೂನು ಒಂದಿಷ್ಟು ಮುಂದೆ ಬಂದಿದೆ. ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಹಿಂದೂ ಕಾನೂನಿನಡಿ ಅಸಿಂಧುವಾದ ಮದುವೆಯ ಮಕ್ಕಳಿಗೆ ತಂದೆಯ ಪಾಲಿಗೆ ಬರುವ ಪಿತ್ರಾರ್ಜಿತ ಆಸ್ತಿಯಲ್ಲೂ ಹಕ್ಕಿದೆ ಎಂದಿತು. ಹೆತ್ತವರ ತಪ್ಪಿಗೆ ಮಕ್ಕಳು ಹೊಣೆಯಲ್ಲ ಎಂಬುದನ್ನು ಒಪ್ಪಿದ ಕಾನೂನು, ಇಬ್ಬರ ತಪ್ಪಿಗೆ ಒಬ್ಬಳೇ ಹೊಣೆಯಲ್ಲ ಎಂಬುದನ್ನೂ ಒಪ್ಪಲಿ. 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತನ್ನು ಸಂಸತ್ತು ಕಿವಿಗೆ ಹಾಕಿಕೊಳ್ಳಲಿ. ನಮ್ಮ ಮಹಲ್ಲುಗಳು, ವರನಿಗೆ ಹೆಂಡತಿ ಇದ್ದಾಳೆಯೇ ಎಂದು ವಿಚಾರಿಸದೆ, ಇದ್ದರೆ ಆಕೆಗೆ ತಿಳಿಸದೆ, ಯಾವ ನಿಕಾಹನ್ನೂ ದಾಖಲಿಸದಿರಲಿ. ಊರಿನ ಪಂಚಾಯಿತಿಯವರು ಇಂಥ ತಕರಾರು ಬಂದಾಗ ಹೆಣ್ಣನ್ನು ಕರೆದು ಬುದ್ಧಿ ಹೇಳುವುದಕ್ಕೆ ಮುಂಚೆ ಗಂಡಸನ್ನು ನಿಲ್ಲಿಸಿ ಕೇಳಲಿ.

ಸಿನಿಮಾದ ನಾಯಕಿಗೆ ನಾವು ಸುರಿಸುವ ಕಣ್ಣೀರು ನಮಗೇನೂ ಖರ್ಚಿನದ್ದಲ್ಲ. ನಮ್ಮ ಪಕ್ಕದ ಬೀದಿಯಲ್ಲಿರುವ ಅಂಥವಳನ್ನು ಕಂಡರೆ ನಾವೇ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಅವಳನ್ನು ಅಲ್ಲಿಟ್ಟವನು ಬಂದರೆ ಕುರ್ಚಿ ಹಾಕುತ್ತೇವೆ. ಆ ಕುರ್ಚಿಯನ್ನು ಮೊದಲು ತೆಗೆಯೋಣ.