ವಶೀಲಿ ಇಲ್ಲದವರಿಗೆ ಪರಿಚಯವಾದರೂ ಇರಲಿ

ಇಳಕಲ್ಲಿನಲ್ಲೋ ಹುನಗುಂದದಲ್ಲೋ ಪದವಿಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಯ ಮೊಬೈಲಿಗೂ ಬೆಂಗಳೂರಿನ ಜಯನಗರದ ವಿದ್ಯಾರ್ಥಿಯ ಮೊಬೈಲಿಗೂ ಈಗ ಹೆಚ್ಚಿನ ಅಂತರವಿಲ್ಲ. 2016ರಲ್ಲಿ ಜಿಯೊ ಬಂದ ಮೇಲೆ ಇಂಟರ್‌ನೆಟ್ ಇಬ್ಬರಿಗೂ ಅಗ್ಗವಾಯಿತು. ಅಂತರವಿರುವುದು ಮೊಬೈಲಿನೊಳಗಿನ ಹೆಸರುಗಳಲ್ಲಿ. ಜಯನಗರದವನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಸೋದರಮಾವ, ಲೆಕ್ಕಪರಿಶೋಧಕರಾದ ತಂದೆಯ ಸ್ನೇಹಿತರು ಇರುತ್ತಾರೆ. ಇಳಕಲ್ಲಿನವನ ವಾಟ್ಸ್‌ಆ್ಯಪ್ ಗುಂಪಿನಲ್ಲಿರುವವರು ಅವನಂತೆಯೇ ಕೆಲಸ ಹುಡುಕುತ್ತಿರುವ ಸಹಪಾಠಿಗಳು. ಟೆಲಿಗ್ರಾಂನಲ್ಲಿ ಎಫ್‌ಡಿಎ, ಪೊಲೀಸ್ ಪರೀಕ್ಷೆಗಳ ಪ್ರಶ್ನೋತ್ತರ ಬರುತ್ತದೆ. ಅದಾದ ಮೇಲೆ ಧಾರವಾಡಕ್ಕೋ ವಿಜಯಪುರಕ್ಕೋ ಕೋಚಿಂಗ್‌ಗೆ ಹೊರಡುವುದೊಂದೇ ಕಾಣುವ ದಾರಿ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿಯೇ ಒಂದು ಮಾತು ಹೇಳಿದ್ದರು. ಹೊಸ ಕೆಲಸದ ಸುದ್ದಿಗೆ ಆಪ್ತರಿಗಿಂತ ದೂರದ ಪರಿಚಿತರೇ ಹೆಚ್ಚು ಉಪಯುಕ್ತರು. ಏಕೆಂದರೆ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಲಿಂಕ್ಡ್‌ಇನ್‌ನ ಸುಮಾರು ಎರಡು ಕೋಟಿ ಬಳಕೆದಾರರ ಐದು ವರ್ಷಗಳ ಮಾಹಿತಿಯನ್ನು ಆಧರಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಈ ಮಾತನ್ನು ಸ್ವಲ್ಪ ತಿದ್ದಿ ಒಪ್ಪಿಕೊಂಡಿತು. ತೀರಾ ಅಪರಿಚಿತರಿಂದ ಅಷ್ಟೇನೂ ಪ್ರಯೋಜನವಿಲ್ಲ. ನಡುವೆ ನಾಲ್ಕಾರು ಸಮಾನ ಪರಿಚಿತರಿರುವ, ಆದರೆ ನಿತ್ಯದ ಒಡನಾಟವಿಲ್ಲದವರಿಂದ ಹೆಚ್ಚು ಪ್ರಯೋಜನ. ನಮ್ಮಲ್ಲಿ ವಶೀಲಿ ಎಂಬ ಶಬ್ದಕ್ಕೆ ಅಂಟಿಕೊಂಡಿರುವ ಕೊಳೆ ಈ ಪರಿಚಯಕ್ಕೆ ಇಲ್ಲ. ವಶೀಲಿ ಅರ್ಹತೆಯನ್ನು ಬದಿಗೊತ್ತುತ್ತದೆ. ಪರಿಚಯವು ಅರ್ಹತೆ ಇರುವ ಸಂಗತಿಯನ್ನು ನಾಲ್ಕು ಜನಕ್ಕೆ ತಿಳಿಸುತ್ತದೆ, ಅಷ್ಟೇ.

ತಿಳಿಸಬೇಕಾದುದೇನು ಎಂಬಲ್ಲಿಯೇ ನಮ್ಮ ವಿದ್ಯಾರ್ಥಿಗಳು ಎಡವುತ್ತಾರೆ. ಯಾರದೋ ಸ್ವಪರಿಚಯವನ್ನು ನಕಲು ಮಾಡಿ, ‘ಕಠಿಣ ಪರಿಶ್ರಮಿ, ಉತ್ತಮ ಸಂವಹನಕಾರ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡರೆ ಅದನ್ನು ನಂಬುವವರಾರು? ಬದಲಿಗೆ ಇಳಕಲ್ಲಿನ ನೇಕಾರರ ಮನೆಯ ವಾಣಿಜ್ಯ ವಿದ್ಯಾರ್ಥಿನಿಯೊಬ್ಬಳು ಒಂದು ಸೀರೆಯ ನಿಜವಾದ ಲೆಕ್ಕವನ್ನು ಬರೆಯಲಿ. ನೂಲಿಗೆಷ್ಟು, ಬಣ್ಣಕ್ಕೆಷ್ಟು, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕೆಲಸಕ್ಕೆ ಎಷ್ಟು ಹೊತ್ತು, ಕೊನೆಗೆ ಕೂಲಿಯಾಗಿ ಉಳಿದದ್ದೆಷ್ಟು? ವೆಚ್ಚ ಲೆಕ್ಕಶಾಸ್ತ್ರ ಅವಳಿಗೆ ಬರುತ್ತದೆಂಬುದಕ್ಕೆ ಬೇರೆ ಪ್ರಮಾಣಪತ್ರ ಬೇಕಿಲ್ಲ. (ಇಂಟರ್‌ನೆಟ್ಟಿನ ಲಿಂಕಿಗೂ ಕನ್ನಡದಲ್ಲಿ ಕೊಂಡಿ ಎಂದೇ ಕರೆಯುತ್ತೇವೆ.) ಈಗ ಇನ್‌ಸ್ಟಾಗ್ರಾಂನಲ್ಲಿ ಇಳಕಲ್ ಸೀರೆಗೇನೂ ಕೊರತೆಯಿಲ್ಲ, ಆದರೆ ಅದರ ಬಗ್ಗೆ ಮಾತನಾಡುವವರಲ್ಲಿ ನೇಯುವವರಿಗಿಂತ ಮಾರುವವರೇ ಹೆಚ್ಚು. ಬಾದಾಮಿಯಲ್ಲಿ ಇತಿಹಾಸ ಓದುವವನಿಗೆ ಕಪ್ಪೆ ಅರಭಟ್ಟನ ಶಾಸನ ಊರಿನ ಬಂಡೆಯ ಮೇಲೆಯೇ ಇದೆ. ಅದರ ಅಕ್ಷರಗಳನ್ನು ತಾನು ಓದಿದ ಬಗೆಯನ್ನು ಚಿತ್ರಸಹಿತ ಪ್ರಕಟಿಸಿದರೆ, ತಪ್ಪನ್ನು ತಿದ್ದಲೆಂದಾದರೂ ಒಬ್ಬ ವಿದ್ವಾಂಸರು ಮಾತನಾಡಿಯಾರು. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ದಾಳಿಂಬೆಯ ರೋಗದ ಕುರಿತು ರೈತರಿಗಾಗಿ ಕನ್ನಡದಲ್ಲಿ ಮಾಡಿದ ಮೂರು ನಿಮಿಷದ ವಿಡಿಯೊವೇ ಸ್ವಪರಿಚಯ.

ಭಾಷೆಯ ಅಳುಕು ಸುಳ್ಳಲ್ಲ. ಲಿಂಕ್ಡ್‌ಇನ್ 2021ರಲ್ಲಿ ಮೊದಲ ಬಾರಿಗೆ ಭಾರತೀಯ ಭಾಷೆಯೊಂದನ್ನು ಸೇರಿಸಿಕೊಂಡಾಗ ಅದು ಹಿಂದಿಯಾಗಿತ್ತು. ಆದರೂ ಎರವಲು ತಂದ ನಯವಾದ ಇಂಗ್ಲಿಷಿಗಿಂತ ತನ್ನದೇ ತೊಡಕಿನ ಇಂಗ್ಲಿಷು ಮೇಲು. ಸಂದರ್ಶನದಲ್ಲಿ ಎರವಲಿನ ಭಾಷೆ ಜೊತೆಗೆ ಬರುವುದಿಲ್ಲ.

ಹೆಣ್ಣುಮಕ್ಕಳ ವಿಷಯ ಬೇರೆ. ಮಗಳ ಭಾವಚಿತ್ರ, ದೂರವಾಣಿ ಸಂಖ್ಯೆ ಊರಿನ ಬಾಯಿಗೆ ಬೀಳುವುದೆಂಬ ತಂದೆತಾಯಿಯರ ಅಂಜಿಕೆಯನ್ನು ಹಳ್ಳಿಗಾಡಿನ ಸಂಕೋಚವೆಂದು ತಳ್ಳಿಹಾಕುವುದು ನಗರದವರ ಉಡಾಫೆ. ಆದರೆ ಭಾವಚಿತ್ರವಿಲ್ಲದೆಯೂ, ಸಂಖ್ಯೆ ಕೊಡದೆಯೂ ಕೆಲಸವನ್ನು ತೋರಿಸಬಹುದೆಂದು ಅವರಿಗೆ ಕುಳ್ಳಿರಿಸಿ ಹೇಳುವವರಿಲ್ಲ. ಮೋಸದ ಭಯಕ್ಕೂ ಆಧಾರವಿದೆ. ಸಾಮಾಜಿಕ ಜಾಲತಾಣಗಳಲ್ಲಿ ಥಾಯ್ಲೆಂಡಿನ ನೌಕರಿಯ ಆಸೆ ತೋರಿಸಿ ಐಟಿ ಬಲ್ಲ ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸಿ ಸೈಬರ್ ವಂಚನೆಗೆ ಹಚ್ಚಲಾಗುತ್ತಿದೆಯೆಂದು 2022ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವೇ ಎಚ್ಚರಿಸಬೇಕಾಯಿತು. ನೌಕರಿ ಕೊಡುವವರು ಮುಂಗಡ ಹಣ ಕೇಳುವುದಿಲ್ಲ ಎಂಬುದು, ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಬೇಕೆಂಬುದು ಎಷ್ಟು ತರಗತಿಗಳಲ್ಲಿ ಹೇಳಲ್ಪಟ್ಟಿದೆ?

ಇದೆಲ್ಲ ವಿದ್ಯಾರ್ಥಿಯೊಬ್ಬನೇ ಹೊರಬೇಕಾದ ಹೊರೆಯಲ್ಲ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 1963ರಲ್ಲಿ. ಆರು ದಶಕಗಳಲ್ಲಿ ಅಲ್ಲಿಂದ ಹೊರಬಂದವರು ಇಂದಿನ ವಿದ್ಯಾರ್ಥಿಗೆ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ; ಆ ಅಧ್ಯಯನ ಹೇಳಿದ ನಡುವಿನ ಪರಿಚಿತರು ಇವರೇ. ತಾಲ್ಲೂಕು ಕೇಂದ್ರಗಳ ಪದವಿ ಕಾಲೇಜುಗಳಿಗೂ ಇಂಥ ಹಳೆಯ ವಿದ್ಯಾರ್ಥಿಗಳಿದ್ದಾರೆ; ಅವರ ನೆನಪಾಗುವುದು ಹೆಚ್ಚಾಗಿ ಸುವರ್ಣ ಮಹೋತ್ಸವದ ದೇಣಿಗೆಯ ಹೊತ್ತಿಗೆ. ಪ್ಲೇಸ್‌ಮೆಂಟ್ ಅಧಿಕಾರಿಯೂ ಇಬ್ಬರು ಅಧ್ಯಾಪಕರೂ ಕುಳಿತು, ಒಪ್ಪುವ ಹಿರಿಯರ ಹೆಸರು, ಉದ್ಯೋಗ, ಊರುಗಳ ಪಟ್ಟಿ ಮಾಡಿ, ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಗೂ ಇಬ್ಬಿಬ್ಬರನ್ನು ಗೊತ್ತುಪಡಿಸಬಹುದು. ಮೊದಲ ಪತ್ರವನ್ನು ತರಗತಿಯಲ್ಲಿಯೇ ಬರೆಯಿಸಬಹುದು: ಕೆಲಸ ಕೊಡಿಸಿ ಎಂದಲ್ಲ, ನಿಮ್ಮ ಕೆಲಸದಲ್ಲಿ ದಿನವೂ ಏನು ಮಾಡುತ್ತೀರಿ ಎಂದು ಕೇಳಿ.